ತಾಳಿ ರೋಗ ತಡೆಯುವುದಿಲ್ಲ

ಹದಿಹರೆಯದ ಮಕ್ಕಳಿಗೆ ಗರ್ಭನಿರೋಧದ ವಿಷಯ ಹೇಳಬಾರದು ಎನ್ನುವವರು ಈಚೆಗೆ ತಮ್ಮ ವಾದವನ್ನು ಸ್ವಲ್ಪ ಬದಲಿಸಿಕೊಂಡಿದ್ದಾರೆ. ಮೊದಲೆಲ್ಲ "ಇದು ನಮ್ಮ ಸಂಸ್ಕೃತಿಯಲ್ಲ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಈಗ ವಿಜ್ಞಾನದ ವೇಷ ತೊಟ್ಟು ಬರುತ್ತಾರೆ. "ನಿರೋಧ್ ನೂರಕ್ಕೆ ನೂರು ಸುರಕ್ಷಿತವಲ್ಲವಂತೆ, ಗುಳಿಗೆಯೂ ಕೈಕೊಡುತ್ತದಂತೆ. ಮತ್ತೇಕೆ ಮಕ್ಕಳಿಗೆ ಸುಳ್ಳು ಧೈರ್ಯ ತುಂಬುತ್ತೀರಿ?" ಎಂದು ಕೇಳುತ್ತಾರೆ.

ಪ್ರಶ್ನೆ ಕೇಳಿದ್ದಾರೆ, ಉತ್ತರ ಕೊಡೋಣ. ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಯಾರಾದರೂ "ನೂರಕ್ಕೆ ಇಷ್ಟು" ಎಂದರೆ ಯಾವ ನೂರು, ಎಣಿಸಿದ್ದು ಹೇಗೆ ಎಂದು ಕೇಳುವ ಚಾಳಿ ಇನ್ನೂ ಬಿಟ್ಟಿಲ್ಲ.

ಲೆಕ್ಕ ಹೀಗಿದೆ. ಏನನ್ನೂ ಬಳಸದೆ ಒಂದು ವರ್ಷ ಸಂಸಾರ ಮಾಡುವ ನೂರು ಜೋಡಿಗಳಲ್ಲಿ ಸುಮಾರು 85 ಹೆಂಗಸರು ಬಸುರಾಗುತ್ತಾರೆ. ಪ್ರತಿಯೊಂದು ಸಲವೂ, ಸರಿಯಾದ ರೀತಿಯಲ್ಲಿ ನಿರೋಧ್ ಬಳಸಿದರೆ ಆ ನೂರರಲ್ಲಿ ಬಸುರಾಗುವವರು 2. ಜನ ನಿಜವಾಗಿ ಬಳಸುವ ರೀತಿಯಲ್ಲಿ, ಅಂದರೆ ಒಂದು ದಿನ ಉಂಟು, ಒಂದು ದಿನ ಇಲ್ಲ, ಒಂದು ದಿನ ಅರ್ಧದಲ್ಲಿ ನೆನಪಾಯಿತು ಎಂಬ ರೀತಿಯಲ್ಲಿ ಬಳಸಿದರೆ ಸುಮಾರು 13. ದಿನವೂ ನುಂಗುವ ಗುಳಿಗೆಯನ್ನು ಒಂದೂ ತಪ್ಪದೆ ನುಂಗಿದರೆ ನೂರರಲ್ಲಿ ಒಬ್ಬಳೂ ಬಸುರಾಗುವುದು ಕಷ್ಟ. ಮರೆಯುತ್ತ ನುಂಗಿದರೆ 7. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದಿನಲ್ಲಿ 4. ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಒಂದಕ್ಕಿಂತ ಕಡಿಮೆ. ಇನ್ನು ನಮ್ಮ ಗಂಡಸರು ಬಹಳ ನಂಬಿರುವ "ನಾನು ಹುಷಾರಾಗಿರುತ್ತೇನೆ ಬಿಡು" ಎಂಬ ವಿಧಾನವಿದೆಯಲ್ಲ, ಅದರಲ್ಲಿ 20.

ಗೆಳತಿಯರೇ, 2 ಮತ್ತು 13ರ ನಡುವಿನ ಆ ಹನ್ನೊಂದನ್ನು ನೋಡಿ. ರಬ್ಬರು ಅದೇ, ಪೊಟ್ಟಣ ಅದೇ, ಕಾರ್ಖಾನೆ ಅದೇ. ಹಾಗಾದರೆ ಆ ಹನ್ನೊಂದು ಜನ ಹೆಂಗಸರು ಬಸುರಾದದ್ದು ಯಾವುದರ ತಪ್ಪಿನಿಂದ? ಹದಿಹರೆಯದವರಲ್ಲಿ ಈ ಅಂತರ ದೊಡ್ಡವರಿಗಿಂತ ಹೆಚ್ಚೇ ಇರುತ್ತದೆ. ಅವರ ಮೈಗೆ ಗರ್ಭ ಬೇಗ ನಿಲ್ಲುತ್ತದೆ; ಅವರಿಗೆ ಗೊತ್ತಿರುವುದು ಕಡಿಮೆ; ಕೇಳಲು ಬಾಯಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. "ನಿರೋಧ್ ಸೋಲುತ್ತದೆ" ಎನ್ನುವವರು ಈ ಹನ್ನೊಂದನ್ನು ತೋರಿಸಿ ಮಕ್ಕಳನ್ನು ಆ 85ರ ಕಡೆಗೆ ತಳ್ಳುತ್ತಿದ್ದಾರೆ. ಛತ್ರಿ ಹಿಡಿದರೂ ಕಾಲು ನೆನೆಯುತ್ತದೆ ಎಂದು ಛತ್ರಿಯನ್ನೇ ಕಿತ್ತುಕೊಳ್ಳುವ ಬುದ್ಧಿವಂತಿಕೆ ಇದು.

ಆ ಹನ್ನೊಂದರಲ್ಲಿ ಬಹುಪಾಲನ್ನು ಹತ್ತು ನಿಮಿಷದ ಪಾಠ ತಡೆಯಬಲ್ಲದು. ಪೊಟ್ಟಣದ ಮೇಲೆ ಅವಧಿ ಮುಗಿಯುವ ತಾರೀಖು ಇರುತ್ತದೆ, ಅದನ್ನು ನೋಡಬೇಕು. ಪ್ಯಾಂಟಿನ ಹಿಂದಿನ ಜೇಬಿನಲ್ಲಿ, ಬೈಕಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿಸಿಗೆ ಬೆಂದ ನಿರೋಧ್ ಹರಿಯುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ರಬ್ಬರು ಸಡಿಲವಾಗುತ್ತದೆ. ನಮ್ಮ ಎಲ್ಲ ಮನೆಗಳಲ್ಲೂ ಕೈಗೆ ಸಿಗುವುದು ಆ ಎಣ್ಣೆಯೇ ಆದ್ದರಿಂದ ಇದನ್ನು ಒತ್ತಿ ಹೇಳಬೇಕು. ಒಂದರ ಮೇಲೊಂದು ಎರಡು ಹಾಕಿಕೊಂಡರೆ ರಕ್ಷಣೆ ಹೆಚ್ಚುವುದಿಲ್ಲ, ಉಜ್ಜಿ ಹರಿಯುವ ಭಯವೇ ಹೆಚ್ಚು. ಮೊದಲಿನಿಂದ ಕೊನೆಯವರೆಗೂ ಇರಬೇಕು, ನಡುವೆ ಅಲ್ಲ. ಗುಳಿಗೆ ನುಂಗುವವಳಿಗೆ ವಾಂತಿಯಾದರೆ ಆ ದಿನದ ಗುಳಿಗೆ ಹೊರಗೆ ಹೋಗಿರಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧಿ ಗುಳಿಗೆಯ ಬಲ ಕುಗ್ಗಿಸುತ್ತದೆ. ಕ್ಷಯದ ಔಷಧಿ ತೆಗೆದುಕೊಳ್ಳುವ ಹುಡುಗಿ ಇದನ್ನು ಡಾಕ್ಟರ ಬಳಿ ಬಾಯಿಬಿಟ್ಟು ಕೇಳಬೇಕು. ಇದರಲ್ಲಿ ಅಶ್ಲೀಲವಾದದ್ದು ಯಾವುದು? ಗ್ಯಾಸ್ ಸಿಲಿಂಡರ್ ಬಳಸುವುದು ಹೇಗೆಂದು ಹೇಳಿಕೊಟ್ಟಷ್ಟೇ ಸರಳವಾದ ಮಾತು.

ರೋಗದ ವಿಷಯಕ್ಕೆ ಬರೋಣ, ಏಕೆಂದರೆ ಬಸಿರಿನ ಭಯದಲ್ಲಿ ಇದು ಮರೆತೇ ಹೋಗುತ್ತದೆ. ಗುಳಿಗೆ, ವಂಕಿ, ಚುಚ್ಚುಮದ್ದು, ಕೊನೆಗೆ ಆಪರೇಷನ್ ಕೂಡ ಬಸಿರನ್ನು ತಡೆಯುತ್ತವೆಯೇ ಹೊರತು ಯಾವ ರೋಗವನ್ನೂ ತಡೆಯುವುದಿಲ್ಲ. ಎರಡನ್ನೂ ತಡೆಯುವುದು ಕಾಂಡೋಮ್ ಒಂದೇ. ಪ್ರತಿ ಸಲವೂ ಬಳಸುವ ಜೋಡಿಗಳಲ್ಲಿ ಎಚ್‌ಐವಿ ಸೋಂಕು ಸುಮಾರು ನೂರಕ್ಕೆ 80ರಷ್ಟು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಗೊನೋರಿಯ, ಕ್ಲಮಿಡಿಯ ಮುಂತಾದವಕ್ಕೂ ಅದು ಒಳ್ಳೆಯ ತಡೆ. ಚರ್ಮದಿಂದ ಚರ್ಮಕ್ಕೆ ಹರಡುವ ಹರ್ಪಿಸ್, ಸಿಫಿಲಿಸ್ ಹುಣ್ಣು, ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಇವಕ್ಕೆ ಮುಚ್ಚಿದಷ್ಟು ಜಾಗಕ್ಕೆ ಮಾತ್ರ ರಕ್ಷಣೆ. ಅದನ್ನೂ ಮುಚ್ಚಿಡದೆ ಮಕ್ಕಳಿಗೆ ಹೇಳಬೇಕು. ಎಚ್‌ಪಿವಿಗೆ ಲಸಿಕೆ ಇದೆ. ಸಂಸರ್ಗ ಶುರುವಾಗುವ ಮೊದಲೇ, 9ರಿಂದ 14 ವರ್ಷದೊಳಗೆ ಹಾಕಿಸಿದರೆ ಅದರ ಫಲ ಹೆಚ್ಚು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು.

ಹದಿಹರೆಯದ ಹುಡುಗಿಯ ಗರ್ಭಕೊರಳು ಇನ್ನೂ ಬಲಿತಿರುವುದಿಲ್ಲ, ಸೋಂಕು ಬೇಗ ಅಂಟುತ್ತದೆ. ಅಂಟಿದರೂ ಹೆಚ್ಚಿನ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ "ಬಿಳಿಸೆರಗು, ಉಷ್ಣ, ಎಳನೀರು ಕುಡಿ" ಎನ್ನುತ್ತಾರೆ. ಒಳಗೊಳಗೇ ಗರ್ಭನಾಳ ಕಟ್ಟಿಕೊಳ್ಳುತ್ತದೆ. ನಾಲ್ಕು ವರ್ಷವಾದರೂ ತೊಟ್ಟಿಲು ತೂಗಲಿಲ್ಲವೆಂದು ಅವಳಿಗೆ ಬಂಜೆ ಎಂಬ ಹೆಸರು. ಆಮೇಲೆ ಹೊಡೆತ, ತವರಿಗೆ ಅಟ್ಟುವುದು, ಗಂಡನಿಗೆ ಇನ್ನೊಂದು ಮದುವೆ, ಇನ್ನೊಂದು ವರದಕ್ಷಿಣೆ. ರೋಗ ತಂದವನು ಮದುಮಗನಾಗಿ ಮತ್ತೆ ಹಸೆಯ ಮೇಲೆ ಕೂರುತ್ತಾನೆ. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಯಾರಿಗಾದರೂ ಅನ್ನಿಸಿದ್ದರೆ, ಇದೇ ಕಾರಣ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್ ಇದೆ, ಔಷಧಿ ಉಚಿತ. ಗಂಡ ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು. ಅವಳೊಬ್ಬಳೇ ತೆಗೆದುಕೊಂಡರೆ ಅವನಿಂದ ಅದು ಮತ್ತೆ ಬರುತ್ತದೆ.

ಹದಿಹರೆಯ, ಗರ್ಭನಿರೋಧ ಎಂದೊಡನೆ ಪೇಟೆಯ ಜನಕ್ಕೆ ಪಾರ್ಕಿನಲ್ಲಿ ಕೂತ ಕಾಲೇಜು ಜೋಡಿ ಕಣ್ಣಿಗೆ ಬರುತ್ತದೆ. ನನ್ನ ಕಣ್ಣಿಗೆ ಬರುವುದು ನನ್ನ ತರಗತಿಯ ಖಾಲಿ ಬೆಂಚುಗಳು. ಯುಗಾದಿ ಕಳೆದು ಲಗ್ನದ ದಿನಗಳು ಬಂದರೆ ಪಿಯುಸಿಯ ಹುಡುಗಿಯರಲ್ಲಿ ಇಬ್ಬರೋ ಮೂವರೋ ಮಾಯವಾಗುತ್ತಿದ್ದರು. ಮುಂದಿನ ಜೂನ್ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಕೈಯಲ್ಲಿ ಔಷಧಿ ಚೀಟಿ, ಐದು ತಿಂಗಳ ಹೊಟ್ಟೆ, "ನಮಸ್ಕಾರ ಮೇಡಂ" ಎನ್ನುವಾಗ ತಗ್ಗಿದ ತಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019-21) ಹೇಳುವ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19 ವಯಸ್ಸಿನವರಲ್ಲಿ ನೂರಕ್ಕೆ ಐವರು ಆಗಲೇ ತಾಯಂದಿರು ಅಥವಾ ಬಸುರಿಯರು. ಅಂದರೆ ನಮ್ಮಲ್ಲಿ ರಕ್ಷಣೆ ಬೇಕಾದ ಹದಿಹರೆಯದ ಹುಡುಗಿಯರಲ್ಲಿ ಬಹಳಷ್ಟು ಮಂದಿಯ ಕೊರಳಲ್ಲಿ ತಾಳಿ ಇದೆ.

ತಾಳಿ ರೋಗ ತಡೆಯುವುದಿಲ್ಲ. ಬಸಿರನ್ನೂ ತಡೆಯುವುದಿಲ್ಲ. ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಆಗ ಬಸುರಿಯರ ರಕ್ತ ಪರೀಕ್ಷೆಯಲ್ಲಿ ಸೋಂಕು ಕಂಡುಬಂದ ಹೆಂಗಸರಲ್ಲಿ ಎಷ್ಟೋ ಜನ ಗಂಡನನ್ನು ಬಿಟ್ಟು ಇನ್ನೊಬ್ಬರ ಮುಖ ನೋಡಿದವರಲ್ಲ. ಅವರ ಪಾತಿವ್ರತ್ಯ ಅವರನ್ನು ಕಾಯಲಿಲ್ಲ.

ಅವಸರದ ಮದುವೆಯ ಹಿಂದೆ ವರದಕ್ಷಿಣೆಯ ಲೆಕ್ಕವಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹುಡುಗಿಗೆ ವಯಸ್ಸಾದಷ್ಟೂ, ಓದಿದಷ್ಟೂ ಗಂಡಿನ ಬೆಲೆ ಏರುತ್ತದೆ. "ಯಾರ ಜೊತೆಗಾದರೂ ಓಡಿಹೋದರೆ?" ಎಂಬ ಭಯ ಬೇರೆ. ಮಗಳ ಮಾನ ಕಾಯುವ ಹೆಸರಿನಲ್ಲಿ ಹದಿನೇಳಕ್ಕೆ ಕಟ್ಟಿ ಕಳಿಸುತ್ತಾರೆ. ಹದಿನೆಂಟಕ್ಕೆ ಅವಳು ಹೆರಿಗೆ ಕೋಣೆಯಲ್ಲಿರುತ್ತಾಳೆ. ಹದಿಹರೆಯದ ಬಾಣಂತಿಗೆ ರಕ್ತಹೀನತೆ, ನಂಜು, ತೂಕವಿಲ್ಲದ ಕೂಸು ಇವೆಲ್ಲ ಇಪ್ಪತ್ತು ದಾಟಿದವಳಿಗಿಂತ ಹೆಚ್ಚು.

"ಸಂಸ್ಕೃತಿ" ಎನ್ನುವವರಿಗೆ ಇಲ್ಲಿ ಒಂದು ಮಾತು ಕೇಳಬೇಕು. ಹುಡುಗಿ ದೊಡ್ಡವಳಾದಳೆಂದು ಚಪ್ಪರ ಹಾಕಿ, ಆರತಿ ಎತ್ತಿ ಊರಿಗೆಲ್ಲ ಸಾರುವವರು ಯಾರು? ಮದುವೆಯ ನಂತರ ಪ್ರಸ್ತಕ್ಕೆ ಮುಹೂರ್ತ ಇಡಿಸಿ, ಮಂಚಕ್ಕೆ ಹೂವು ಕಟ್ಟಿ, ನೆಂಟರಿಷ್ಟರ ಎದುರಿಗೇ ಅವಳ ಕೈಗೆ ಹಾಲಿನ ಲೋಟ ಕೊಟ್ಟು ಕೋಣೆಯೊಳಗೆ ಕಳಿಸುವವರು ಯಾರು? ಮರುದಿನದಿಂದ "ವಿಶೇಷ ಏನಾದರೂ ಉಂಟಾ?" ಎಂದು ಕೇಳುವವರು ಯಾರು? ನಮ್ಮ ಸಂಸ್ಕೃತಿಗೆ ಈ ವಿಷಯದಲ್ಲಿ ನಾಚಿಕೆಯೇ ಇಲ್ಲ. ಹೆಣ್ಣಿನ ಮೈ ಯಾವಾಗ ಸಿದ್ಧವಾಯಿತು, ಯಾವ ಗಳಿಗೆಯಲ್ಲಿ ಯಾರಿಗೆ ಒಪ್ಪಿಸಬೇಕು ಎಂಬುದನ್ನೆಲ್ಲ ಬಾಯ್ತುಂಬ ಆಡುತ್ತದೆ. ಆ ಮೈಯನ್ನು ಅವಳು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಒಂದೇ ಒಂದು ಮಾತಿಗೆ ಮಾತ್ರ ಬಾಯಿಗೆ ಬೀಗ.

ಕಾನೂನು ಇಲ್ಲವೆಂದಲ್ಲ. ಬಾಲ್ಯವಿವಾಹ ನಿಷೇಧ ಕಾಯಿದೆ 2006ರದು. ನಮ್ಮ ರಾಜ್ಯ 2016ರ ತಿದ್ದುಪಡಿಯಲ್ಲಿ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದಿತು. ಹೆಂಡತಿಯೇ ಆದರೂ 18 ತುಂಬದವಳೊಂದಿಗೆ ಸಂಸರ್ಗ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಕಾನೂನು ಮದುವೆಯನ್ನು ತಡೆದರೆ ಅದಕ್ಕಿಂತ ಒಳ್ಳೆಯದಿಲ್ಲ. ತಡೆಯಲಾಗದೆ ಹೋದ ಹುಡುಗಿಗೆ ಆ ರಾತ್ರಿ ಬೇಕಾದದ್ದು ಬೇರೆ.

ಇನ್ನು ಶಾಲೆಯ ಕಥೆ. ಮಾನವ ಸಂಪನ್ಮೂಲ ಇಲಾಖೆ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. ಚಿತ್ರಗಳು ಅಶ್ಲೀಲವಾಗಿವೆ, ಮಕ್ಕಳು ಕೆಡುತ್ತಾರೆ ಎಂಬ ಗದ್ದಲವೆದ್ದು 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು, ಕರ್ನಾಟಕವೂ ಅವುಗಳಲ್ಲೊಂದು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಮದುವೆಗೆ ಮೊದಲು ಸಂಸರ್ಗ ಕೂಡದು ಎಂಬುದೇ ಸಂದೇಶವಾಗಬೇಕು ಎಂದು ವರದಿ ಕೊಟ್ಟಿತು. ಒಳ್ಳೆಯದು. ಹದಿನೇಳಕ್ಕೆ ಮದುವೆಯಾದವಳು ಆ ಸಂದೇಶವನ್ನು ಅಕ್ಷರಶಃ ಪಾಲಿಸಿದ್ದಾಳಲ್ಲ? ಮದುವೆಯಾದ ಮರುದಿನದಿಂದ ಅವಳಿಗೆ ಆ ಪಾಠದಲ್ಲಿ ಏನಿದೆ?

"ಬೇಡ" ಎಂದಷ್ಟೇ ಹೇಳುವ ಪಾಠದ ಫಲವನ್ನು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ಸರ್ಕಾರವೇ ಹಣ ಕೊಟ್ಟು ವರ್ಷಗಟ್ಟಲೆ ಇಂಥ ಪಾಠ ನಡೆಸಿತು. ಅಲ್ಲಿನ ಸಂಸತ್ತಿನ ಆದೇಶದಂತೆ ನಡೆದ ಅಧ್ಯಯನದ ವರದಿ ಬಂದದ್ದು, ನಾವು ಪಾಠ ನಿಲ್ಲಿಸಿದ ಅದೇ 2007ರಲ್ಲಿ. ಪಾಠ ಕೇಳಿದ ಮಕ್ಕಳು, ಕೇಳದ ಮಕ್ಕಳು ಎಂಬ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಶುರುಮಾಡಿದ ವಯಸ್ಸೂ ಒಂದೇ. ಪೂರ್ತಿ ತಿಳಿವಳಿಕೆ ಕೊಟ್ಟರೆ ಮಕ್ಕಳು ಬೇಗ ಶುರುಮಾಡುತ್ತಾರೆ ಎಂಬ ಭಯಕ್ಕೂ ಆಧಾರವಿಲ್ಲವೆಂದು ಯುನೆಸ್ಕೋ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ 2009ರಲ್ಲೂ 2018ರಲ್ಲೂ ಹೇಳಿದೆ. ಕಾಯುವುದು ಒಳ್ಳೆಯದು ಎಂದು ಮಕ್ಕಳಿಗೆ ಹೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಹೇಳುತ್ತೇನೆ. "ನನಗೆ ಬೇಡ" ಎನ್ನುವ ಹಕ್ಕು ನಿನಗಿದೆ ಎಂದು ಹುಡುಗಿಗೆ ಕಲಿಸುವುದಕ್ಕಿಂತ ದೊಡ್ಡ ಪಾಠವೂ ಇಲ್ಲ. ಅದೊಂದನ್ನೇ ಹೇಳಿ ಉಳಿದದ್ದನ್ನು ನುಂಗಿಕೊಳ್ಳುವುದು ಮಾತ್ರ ಮೋಸ.

ತಮಾಷೆಯೆಂದರೆ, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದೆಲ್ಲ ಅಚ್ಚಾಗಿದೆ. ಜೀವಿಗಳ ಸಂತಾನೋತ್ಪತ್ತಿಯ ಪಾಠದಲ್ಲಿ ಕಾಂಡೋಮ್, ಗುಳಿಗೆ, ಕಾಪರ್-ಟಿ, ಗೊನೋರಿಯ, ಸಿಫಿಲಿಸ್, ಏಡ್ಸ್ ಎಲ್ಲವೂ ಇವೆ. ಎಷ್ಟು ಶಾಲೆಗಳಲ್ಲಿ ಆ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ, ನಿಮ್ಮ ಮನೆಯ ಮಕ್ಕಳನ್ನೇ ಕೇಳಿ. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮೇಷ್ಟರು ದಾಟಿಸುತ್ತಾರೆ. ಮನೆಯಲ್ಲಿ ಮೊಬೈಲು ಇದೆ, ಅದರಲ್ಲಿ ಹೆಣ್ಣನ್ನು ಹಿಂಸಿಸುವ ಹೊಲಸು ಚಿತ್ರಗಳಿವೆ. ಗಂಡು ಹುಡುಗರ ಗುರು ಈಗ ಅದೇ.

ಹುಡುಗರ ಮಾತು ಬಂದದ್ದರಿಂದ ಹೇಳುತ್ತೇನೆ. ಕಾಂಡೋಮ್ ಹಾಕಿಕೊಳ್ಳಬೇಕಾದವನು ಗಂಡು. ಆದರೆ ಈ ಎಲ್ಲ ಮಾತನ್ನು ನಾವು ಹೆಣ್ಣುಮಕ್ಕಳನ್ನು ಕೂರಿಸಿಕೊಂಡೇ ಆಡುತ್ತೇವೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸಿನ ಆಪರೇಷನ್ ಹೆಂಗಸಿನದಕ್ಕಿಂತ ಸುಲಭ, ಹೊಟ್ಟೆ ಕೊಯ್ಯಬೇಕಾಗಿಲ್ಲ. ಇಪ್ಪತ್ತೈದು ತುಂಬುವ ಮೊದಲೇ ಹೊಟ್ಟೆ ಕೊಯ್ಸಿಕೊಂಡವರು ನಿಮ್ಮ ಸಂಘದಲ್ಲೇ ಎಷ್ಟು ಜನ ಇದ್ದೀರಿ, ಎಣಿಸಿ. ಮೊದಲ ಮಗುವನ್ನು ಮುಂದಕ್ಕೆ ಹಾಕಬಹುದು, ಎರಡನೆಯದಕ್ಕೆ ಅಂತರ ಇಡಬಹುದು ಎಂದು ಮದುವೆಯ ಹೊತ್ತಿಗೆ ನಿಮಗೆ ಯಾರಾದರೂ ಹೇಳಿದ್ದರೆ? "ಇವತ್ತು ನಿರೋಧ್ ಇಲ್ಲದಿದ್ದರೆ ಬೇಡ" ಎಂದು ಹೇಳಿ ಕೆನ್ನೆಗೆ ಏಟು ತಿಂದವರೂ ನಮ್ಮ ನಡುವೆ ಇದ್ದಾರೆ. ಆ 2 ಮತ್ತು 13ರ ನಡುವಿನ ಹನ್ನೊಂದರಲ್ಲಿ ಅವರೂ ಸೇರಿದ್ದಾರೆ. ಯಾವ ಕಂಪನಿಯೂ ಆ ಏಟನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದಿಲ್ಲ. ಅಂಥ ಮನೆಯಲ್ಲಿರುವ ಹುಡುಗಿಗೆ ಅವನ ಒಪ್ಪಿಗೆ ಬೇಡದ ವಿಧಾನ, ಅಂದರೆ ಚುಚ್ಚುಮದ್ದು ಅಥವಾ ವಂಕಿ, ಬಸಿರಿನಿಂದಲಾದರೂ ಕಾಪಾಡುತ್ತದೆ. ಮಗು ಆಗದವಳಿಗೆ, ಚಿಕ್ಕ ವಯಸ್ಸಿನವಳಿಗೆ ಇವನ್ನು ಕೊಡುವುದಿಲ್ಲ ಎಂದು ನರ್ಸಮ್ಮ ಹೇಳಿದರೆ ಸುಮ್ಮನೆ ಎದ್ದು ಬರಬೇಡಿ. ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಯಾವ ವಿಧಾನವನ್ನೂ ನಿರಾಕರಿಸುವಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮದುವೆಯಾಗದ ಹುಡುಗಿಯ ಪಾಡು ಇನ್ನೂ ಬಿಗಿ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುವುದು "ಅರ್ಹ ದಂಪತಿ"ಗಳ ಪಟ್ಟಿ. ಇವಳ ಹೆಸರು ಅದರಲ್ಲಿಲ್ಲ. ಪೋಕ್ಸೋ ಕಾಯಿದೆಯ ಪ್ರಕಾರ 18ರೊಳಗಿನ ಹುಡುಗಿ ಬಸುರಾಗಿ ಆಸ್ಪತ್ರೆಗೆ ಬಂದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಆ ಹೆದರಿಕೆಯಿಂದ ಹುಡುಗಿಯರು ಎಲ್ಲೋ ಕಷಾಯ ಕುಡಿದು, ಕಡ್ಡಿ ಹಾಕಿಸಿಕೊಂಡು ಸಾಯುತ್ತಾರೆ. ನೆನಪಿಡಿ: ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಡಾಕ್ಟರು ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ವಿವರ ತಿಳಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಮದುವೆಯಾಗದವಳಿಗೂ ಗರ್ಭಪಾತದ ಹಕ್ಕು ಸಮಾನ ಎಂದದ್ದೂ ಅದೇ ತೀರ್ಪು. 18 ತುಂಬದವಳಿಗೆ ಪೋಷಕರ ಸಹಿ ಬೇಕು, ಅಂದರೆ ತಾಯಿ ಮಗಳ ಪಕ್ಕದಲ್ಲಿ ನಿಲ್ಲಬೇಕು.

ತುರ್ತು ಗುಳಿಗೆಯ ವಿಷಯದಲ್ಲಿ ತಪ್ಪು ಕಲ್ಪನೆ ಬಹಳ. 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದು ಗರ್ಭಪಾತದ ಗುಳಿಗೆಯಲ್ಲ. ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ರೋಗ ತಡೆಯುವುದಿಲ್ಲ. ವಾರವಾರವೂ ನುಂಗುವಂಥದ್ದೂ ಅಲ್ಲ. ಬಲಾತ್ಕಾರಕ್ಕೆ ಒಳಗಾದ ಹುಡುಗಿಗೆ ಇದರ ಜೊತೆ ಎಚ್‌ಐವಿ ತಡೆಯುವ ಔಷಧಿಯನ್ನೂ 72 ಗಂಟೆಯೊಳಗೆ ಶುರುಮಾಡಬೇಕು. ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಅವಳಿಗೆ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮೊದಲು ಪೊಲೀಸ್ ಠಾಣೆಗೆ ಹೋಗಿ ಬಾ ಎಂದು ಅಟ್ಟುವಂತಿಲ್ಲ.

ನಿರೋಧ್ ಈ ದೇಶದಲ್ಲಿ ಹಂಚಿಕೆಗೆ ಬಂದದ್ದು 1968ರಲ್ಲಿ. ಅದನ್ನು ತಯಾರಿಸುವ ಸರ್ಕಾರಿ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ. ವಸ್ತುವಿಗೆ ಕೊರತೆಯಿಲ್ಲ, ದಾರಿಗೆ ಕೊರತೆ. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವಯಸ್ಸಿನವರಿಗೆಂದೇ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿದೆ, ಯಾವ ದಿನ ಬಾಗಿಲು ತೆರೆದಿರುತ್ತದೆ, ಹುಡುಗಿಯ ಜೊತೆ ಮಾತಾಡುವಾಗ ಬಾಗಿಲು ಮುಚ್ಚುತ್ತಾರೋ ಅಥವಾ ಇಡೀ ಸಾಲಿಗೆ ಕೇಳುವಂತೆ "ಮದುವೆ ಆಗಿದೆಯಾ?" ಎಂದು ಕೂಗುತ್ತಾರೋ, ಸಂಘದಿಂದ ನಾಲ್ಕು ಜನ ಹೋಗಿ ನೋಡಿ ಬನ್ನಿ. ನೋಡಿದ್ದನ್ನು ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಇರಲಿ. ಹೈಸ್ಕೂಲಿನ ಹೆಡ್‌ಮಾಸ್ಟರನ್ನು ಕಂಡು ವಿಜ್ಞಾನ ಪುಸ್ತಕದ ಆ ಪುಟಗಳನ್ನು ಯಾವ ದಿನ ಓದಿಸುತ್ತೀರಿ ಎಂದು ಕೇಳಿ. ಆ ದಿನ ಹುಡುಗಿಯರನ್ನು ಹೊರಗೆ ಕಳಿಸಿ ಹುಡುಗರಿಗೆ, ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಹೇಳುತ್ತೇವೆ ಎಂದರೆ ಅದಕ್ಕೂ ಒಪ್ಪಿಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದರೆ ಬರವಣಿಗೆಯಲ್ಲಿ ಕೊಡಿ ಎನ್ನಿ.